ಬೆಳ್ಳಿ ಪಟ್ಟಿಯ ಕಪ್ಪು

ಡ್ರೆಸ್ಸಿಂಗ್ ನಡೆಯುತ್ತಿದ್ದದ್ದು ಪಡಸಾಲೆಯಲ್ಲಿ. ಮಾಡುತ್ತಿದ್ದವನು ಮಗ ಬುದ್ಧಪ್ರಿಯ. ಹೇಗೆ ಮಾಡಬೇಕೆಂದು ಹೇಳುತ್ತಿದ್ದವಳು ಅವನ ಹೆಂಡತಿ ಪರಿಮಳಾ, ಅಡುಗೆಮನೆಯಿಂದ. ನಡುವೆ ಒಂದು ಹಸಿರು ಪರದೆ.

"ಕೈ ಸಬಕಾರಲೆ ತೊಳಕೊಂಡ್ರಿ?"

"ತೊಳಕೊಂಡೀನಿ."

"ಹಳೇ ಪಟ್ಟಿ ಮ್ಯಾಲ ಸಲೈನ್ ಸುರುವ್ರಿ. ನೆನೀಲಿ. ಜಗ್ಗಬ್ಯಾಡ್ರಿ."

"ಜಗ್ಗಾಂಗಿಲ್ಲ."

"ಜಗ್ಗಿದ್ರೂ ನಂಗೇನ ಗೊತ್ತಾಗಬೇಕು?" ಎಂದರು ತಾಯಪ್ಪ ಮಾಸ್ತರು. "ಆ ಕಾಲು ನಂದಂತ ನೀವು ಹೇಳ್ತೀರಿ, ನಾ ನಂಬ್ತೀನಿ."

ಮಾಸ್ತರಿಗೆ ಅರವತ್ತೊಂಬತ್ತು. ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷ. ಎರಡೂ ಪಾದಗಳಿಗೆ ಸ್ಪರ್ಶ ಹೋಗಿತ್ತು. ಏಪ್ರಿಲ್ ಹದಿನಾಲ್ಕರ ಮೆರವಣಿಗೆಯಲ್ಲಿ ಹೊಸ ಬೂಟು ಹಾಕಿಕೊಂಡು ಶಹಾಪುರದ ಉರಿಬಿಸಿಲಲ್ಲಿ ಮೂರು ತಾಸು ನಡೆದಿದ್ದರು. ಬಲಗಾಲಿನ ಎರಡನೇ ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆದದ್ದು ಅವರಿಗೆ ತಿಳಿಯಲಿಲ್ಲ. ವಾರದ ಮೇಲೆ ಹೆಂಡತಿ ಮಾನಮ್ಮ ಕಾಲುಚೀಲ ಒಗೆಯುವಾಗ ರಕ್ತದ ಕಲೆ ಕಂಡು ಕೂಗಿಕೊಂಡಳು.

ಪರಿಮಳಾ ಊರಿನ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ಹನ್ನೊಂದು ವರ್ಷದಿಂದ ಡ್ರೆಸ್ಸಿಂಗ್ ಕೋಣೆ ಅವಳದೇ. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಗಾಯ ಕಟ್ಟುತ್ತಿದ್ದಳು, ಅದರಲ್ಲಿ ಅರ್ಧ ಸಕ್ಕರೆ ಕಾಯಿಲೆಯವರ ಕಾಲು. ಆದರೆ ಮಾವನ ಕಾಲನ್ನು ಅವಳು ಮುಟ್ಟುವಂತಿರಲಿಲ್ಲ. ಆ ನಿಯಮ ಮಾಡಿದವರು ಮಾವ.

ಮಾಸ್ತರ ಅಪ್ಪ ದಿನಾ ಬೆಳಿಗ್ಗೆ ಗೌಡರ ವಾಡೆಯ ಮುಂದೆ, ಚಪ್ಪಲಿ ದೂರ ಬಿಟ್ಟು, ನೆಲ ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದ. ಗೌಡರ ಕಾಲು ಮುಟ್ಟುವ ಹಕ್ಕೂ ಅವನಿಗಿರಲಿಲ್ಲ. ಮಗ ತಾಯಪ್ಪ ಮಾಸ್ತರರಾದ ಮೇಲೆ ತಮ್ಮ ಕಾಲಿಗೆ ಯಾರೂ ಬೀಳಬಾರದೆಂದು ಗೆರೆ ಎಳೆದರು. ವಡಗೇರಾದ ಶಾಲೆಯಲ್ಲಿ ಹೆಡ್‌ಮಾಸ್ತರಾಗಿದ್ದಾಗ ಶಿಕ್ಷಕರ ದಿನಾಚರಣೆಗೆ ಮಕ್ಕಳು ಬಗ್ಗಿದರೆ ಕಿವಿ ಹಿಂಡುತ್ತಿದ್ದರು. ಮಗನ ಮದುವೆಯಲ್ಲಿ ಪರಿಮಳಾ ಬಗ್ಗಿದಾಗ ಎರಡು ಹೆಜ್ಜೆ ಹಿಂದೆ ಸರಿದು, "ಕಾಲು ನಡೀಲಿಕ್ಕ ಅದಾವ ತಾಯಿ, ಮುಟ್ಟಲಿಕ್ಕಲ್ಲ," ಎಂದಿದ್ದರು. ಅಂಥ ಮಾವ ಸಿಕ್ಕಿದ್ದನ್ನು ಪರಿಮಳಾ ದವಾಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಳು.

ಗಾಯ ಕಂಡ ದಿನ ಅವಳು ಕೈಗವಸು ತಂದು ಎದುರು ಕುಳಿತಾಗ ಮಾಸ್ತರು ಕಾಲು ಒಳಗೆಳೆದುಕೊಂಡರು.

"ಸೊಸಿ ನನ್ನ ಕಾಲ ಹಿಡಕೊಂಡು ಕೂಡೂದು ಬ್ಯಾಡ. ಬುದ್ಧಪ್ರಿಯ ಮಾಡ್ಲಿ. ನೀ ಹೇಳು."

"ಮಾವಾರ, ನಂದು ಕೆಲಸೇ ಇದ್ರಿ."

"ದವಾಖಾನ್ಯಾಗ ಕೆಲಸ. ಮನ್ಯಾಗ ನೀ ಸೊಸಿ."

"ಹಂಗಾರ ದವಾಖಾನಿಗೇ ಬರ್ರಿ."

"ಅಲ್ಲೂ ಕೂಡಾಕಿ ನೀನ."

"ನೋಡ್ಲಿಕ್ಕರ ಬಿಡ್ರಿ."

"ನೋಡಿದ ಮ್ಯಾಲ ಸುಮ್ಮನ ಕೂಡಾಕಿ ಅಲ್ಲ ನೀ," ಎಂದು ಅವರೇ ಎದ್ದು ಪರದೆ ಎಳೆದರು.

ಯಾದಗಿರಿಯ ಶಸ್ತ್ರವೈದ್ಯರೊಬ್ಬರು ಕಾಲು ನೋಡಿ ಬೆಳ್ಳಿ ಪಟ್ಟಿ ಬರೆದುಕೊಟ್ಟರು. ಸೋಂಕು ಕೊಲ್ಲಲೆಂದು ಬೆಳ್ಳಿಯ ಅಂಶ ಸೇರಿಸಿದ ಹಾಳೆ ಅದು. ಮೂರು ದಿನಕ್ಕೊಮ್ಮೆ ಬದಲಿಸಬೇಕು. ಎರಡು ವಾರ ಅಷ್ಟೇ, ಆಮೇಲೆ ತೋರಿಸಿಯೇ ಮುಂದಿನದು. "ತೆಗೆದಾಗ ಚರ್ಮದ ಮೇಲೆ ಕಪ್ಪು ಕಲೆ ಕಾಣಬಹುದು. ಅದು ಬೆಳ್ಳಿಯದು, ಗಾಬರಿ ಬೇಡ," ಎಂದೂ ಹೇಳಿದರು. ಬುದ್ಧಪ್ರಿಯ ಬಿಇಒ ಕಚೇರಿಯಲ್ಲಿ ಗುಮಾಸ್ತ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ಪಟ್ಟಿ ಸಿಕ್ಕಿದ್ದು ಶಹಾಪುರದ ಯೂನುಸನ ಮೆಡಿಕಲ್ ಅಂಗಡಿಯಲ್ಲಿ. ಯೂನುಸ ಮಾಸ್ತರ ಹಳೆಯ ವಿದ್ಯಾರ್ಥಿ.

ಎರಡು ವಾರ ಮುಗಿದು ಮೇ ಎಂಟರಂದು ಯಾದಗಿರಿಗೆ ಹೋದರೆ ಡಾಕ್ಟರು ಊರಲ್ಲಿರಲಿಲ್ಲ. ಹಾಗೇ ತಿರುಗಿ ಬಂದರು. ಪರಿಮಳಾ ಹೇಳಿದಳು: "ಇರ್ಲಿ, ಇನ್ನ ಎರಡ ಪಟ್ಟಿ ಹಾಕೋಣು. ಮುಂದಿನ ವಾರ ಹೋಗೋಣು."

ಮೇ ಹನ್ನೆರಡರ ಬೆಳಿಗ್ಗೆ ಮಾನಮ್ಮ ನಳಕ್ಕೆ ಹೋಗಿದ್ದಳು. ಏಳೂವರೆಯಾಗಿತ್ತು. ಎಂಟಕ್ಕೆ ಡ್ಯೂಟಿಗೆ ಹೋಗಬೇಕಿದ್ದ ಪರಿಮಳಾ ರೊಟ್ಟಿ ಬಡಿಯುತ್ತಿದ್ದಳು. ಪರದೆಯಾಚೆಯಿಂದ ಬುದ್ಧಪ್ರಿಯ ಕರೆದ.

"ಏ, ಕೇಳಿಲ್ಲಿ. ಬೆರಳ ಕರ್ರಗಾಗೇದ."

ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ.

"ಅದು ಬೆಳ್ಳೀದು ರೀ. ಡಾಕ್ಟರ್ ಹೇಳ್ಯಾರಲ್ಲ."

"ಭಾಳ ಕರ್ರಗದ."

"ಹಂಗೇ ಕಾಣ್ತದ. ಅಂಜಬ್ಯಾಡ್ರಿ, ಹೊಸಾದು ಹಾಕಿ ಕಟ್ರಿ."

"ಕಾಲು ನಂದು, ಅಂಜಾಂವ ಅಂವ," ಎಂದು ಮಾಸ್ತರು ನಕ್ಕರು.

ಬುದ್ಧಪ್ರಿಯ ಕಟ್ಟಿದ.

ದವಾಖಾನೆಯಲ್ಲಾಗಿದ್ದರೆ ಪರಿಮಳಾ ಒಂದು ಪ್ರಶ್ನೆ ಕೇಳುತ್ತಿದ್ದಳು: ಒರೆಸಿದರೆ ಹೋಗುತ್ತದೆಯೇ? ಬೆಳ್ಳಿಯ ಕಪ್ಪು ಹಾಳೆ ತಾಗಿದ ಕಡೆ ಮಾತ್ರ ಇರುತ್ತದೆ, ಒದ್ದೆ ಅರಿವೆಯಿಂದ ಒರೆಸಿದರೆ ತೆಳುವಾಗುತ್ತದೆ. ಸತ್ತ ಮಾಂಸದ ಕಪ್ಪು ಹಾಳೆಯ ಅಂಚು ದಾಟಿ ಹೋಗುತ್ತದೆ, ಒರೆಸಿದರೆ ಹೋಗುವುದಿಲ್ಲ, ಬೆರಳು ತಣ್ಣಗಿರುತ್ತದೆ. ಸಂದೇಹ ಬಂದರೆ ಕಟ್ಟಬಾರದು, ಡಾಕ್ಟರಿಗೆ ತೋರಿಸಬೇಕು. ತರಬೇತಿಗೆ ಬರುವ ಹುಡುಗಿಯರಿಗೆ ಇದನ್ನು ಹೇಳಿಕೊಡುವವಳು ಅವಳೇ.

ಮೂರು ದಿನದ ಮೇಲೆ ಸಂಜೆ ಕೆಲಸದಿಂದ ಬಂದವಳು ಹೊಸ್ತಿಲಲ್ಲೇ ನಿಂತಳು. ಆ ವಾಸನೆ ಅವಳಿಗೆ ಗೊತ್ತಿತ್ತು. ಕೈಚೀಲ ಅಲ್ಲೇ ಬಿಟ್ಟು, ಪರದೆ ಸರಿಸಿ, ಮಾವನನ್ನು ಕೇಳದೆ ಪಟ್ಟಿ ಬಿಚ್ಚಿದಳು. ಮಾಸ್ತರು "ಏ, ಏ" ಎಂದರು, ಆಮೇಲೆ ಅವಳ ಮುಖ ನೋಡಿದರು. ಸಲೈನಿನಲ್ಲಿ ಹತ್ತಿ ಅದ್ದಿ ಒರೆಸಿದಳು. ಹೋಗಲಿಲ್ಲ. ಮತ್ತೊಮ್ಮೆ ಒರೆಸಿದಳು. ಎರಡನೇ ಬೆರಳು ಪೂರ್ತಿ, ಮೂರನೆಯದು ಅರ್ಧ.

"ಈಗಿಂದೀಗ ಕಲಬುರಗಿಗೆ ಹೊಂಡ್ರಿ," ಎಂದಳು.

ಕಲಬುರಗಿಯಲ್ಲಿ ಎರಡು ಬೆರಳು ತೆಗೆದರು. ಅಲ್ಲಿಯ ಡಾಕ್ಟರು ಬಾಗಿಲ ಹೊರಗೆ ನಿಂತು ಹೇಳಿದರು: "ಬೆರಳಿಗೆ ರಕ್ತ ಹೋಗೋ ನಾಳ ಮುಚ್ಚಿತ್ತು. ಮೊದಲೇ ತಂದಿದ್ರೆ ಒಂದು ಬೆರಳು ಉಳೀತಿತ್ತೇನೋ. ಈಗ ಹೊಲಿಗೆ ಕೂಡಬೇಕು. ಕೂಡದಿದ್ರೆ ಅರ್ಧ ಪಾದ ತೆಗೀಬೇಕಾಗುತ್ತೆ. ಮನೇಲಿ ಯಾರೂ ನೋಡ್ತಿರಲಿಲ್ವಾ?"

"ನಾನೇ ನೋಡಾಕತ್ತಿದ್ದೆ ಸರ್," ಎಂದ ಬುದ್ಧಪ್ರಿಯ. "ನಂಗ ತಿಳೀಲಿಲ್ಲ."

ಪರಿಮಳಾ ಪಕ್ಕದಲ್ಲೇ ಇದ್ದಳು. ದವಾಖಾನೆಯ ಗುರುತಿನ ಚೀಟಿ ಕೊರಳಲ್ಲಿತ್ತು. ಅದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

*

ಮಾಸ್ತರು ಮನೆಗೆ ಬಂದದ್ದು ಮೇ ಇಪ್ಪತ್ತೇಳಕ್ಕೆ. ಅಂದು ರಾತ್ರಿಯ ಊಟದಿಂದಲೇ ಮಾನಮ್ಮ ಶುರುಮಾಡಿದಳು.

"ಪುಂಡಿಪಲ್ಯ ನೀಡ್ಲೇನು ಬುದ್ಧ್ಯಾ? ಕಣ್ಣಿಗಿ ಕಾಣ್ತದೇನು, ಪಲ್ಯ ಎಲ್ಲದ ಅಂತ?"

ಬುದ್ಧಪ್ರಿಯ ತಾಟು ಮುಂದೆ ಮಾಡಿದ.

"ಅಲ್ಲೋ, ಬದನಿಕಾಯಿ ಕೊಳತಿದ್ರ ಸಂತ್ಯಾಗ ಆರಿಸಿ ಬಿಸಾಕ್ತಿ. ಅಪ್ಪನ ಬೆರಳ ಕೊಳತದ್ದು ಕಾಣಲಿಲ್ಲ?"

"ಕಾಣಲಿಲ್ಲವ್ವ."

"ಡಿಗ್ರಿ ಓದಿದಿ."

"ಉಣ್ಣಗೊಡು ಅವ್ನಿಗಿ," ಎಂದರು ಮಾಸ್ತರು ಮಂಚದ ಮೇಲಿಂದ.

"ನೀವು ಸುಮ್ಮನಿರ್ರಿ. ಹೋಗಿದ್ದು ನಿಮ್ಮ ಬೆರಳು, ಹೊತಗೊಂಡು ತಿರಗಾಕಿ ನಾನು."

ಮೇ ಹನ್ನೆರಡರ ಬೆಳಿಗ್ಗೆ ಅಡುಗೆಮನೆಯಿಂದ ಬಂದ ಮಾತು ಉಳಿದ ಮೂವರಿಗೂ ಗೊತ್ತಿತ್ತು. ಹೇಳಿದವಳು ಒಬ್ಬಳು, ಕೇಳಿದವರು ಇಬ್ಬರು. ಗೊತ್ತಿಲ್ಲದವಳು ಮಾನಮ್ಮ ಒಬ್ಬಳೇ.

ಮಲಗುವಾಗ ಪರಿಮಳಾ ಗಂಡನಿಗೆ ಹೇಳಿದಳು: "ಅತ್ತಿಗಿ ನಾ ಹೇಳ್ತೀನಿ."

"ಬ್ಯಾಡ."

"ಯಾಕ?"

"ಊರಾಗ ನಿನ್ನ ಸಿಸ್ಟರ್ ಅಂತಾರ. ನನ್ನ ಏನ ಅಂತಾರ? ಕ್ಲರ್ಕ್. ಕ್ಲರ್ಕಿಗಿ ತಿಳೀಲಿಲ್ಲಂದ್ರ ಯಾರೂ ನಗಾಂಗಿಲ್ಲ."

ಅವಳು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಊಟಕ್ಕೆ ಎಲ್ಲರ ಜೊತೆ ಕೂರುವುದನ್ನು ಮಾತ್ರ ಬಿಟ್ಟಳು. "ಕೆಲಸ ಅದ, ನೀವ ಉಣ್ರಿ" ಎಂದು ಒಲೆಯ ಬಳಿ ನಿಂತೇ ಎರಡು ತುತ್ತು ತಿನ್ನುತ್ತಿದ್ದಳು.

ಹೊಸ ಗಾಯಕ್ಕೆ ದಿನಾ ಪಟ್ಟಿ ಕಟ್ಟಬೇಕಿತ್ತು. ಬುದ್ಧಪ್ರಿಯ ಕೂತ, ಕತ್ತರಿ ಹಿಡಿದ, ತಿರುಗಿ ಕೆಳಗಿಟ್ಟು ಎದ್ದುಬಿಟ್ಟ. "ನನ್ನ ಕೈಲೆ ಆಗಾಂಗಿಲ್ಲವ್ವ."

"ಆಗೂದೂ ಬ್ಯಾಡ," ಎಂದಳು ಮಾನಮ್ಮ. "ಆ ಬೆಳ್ಳಿ ಪಟ್ಟೀನೂ ಬ್ಯಾಡ, ನಿನ್ನ ಕೈನೂ ಬ್ಯಾಡ. ನಾ ಮಾಡ್ತೀನಿ."

ಆ ಹೊತ್ತಿಗೆ ಅವಳ ಸಿಟ್ಟು ಮಗನಿಂದ ಪಟ್ಟಿಯ ಕಡೆ ತಿರುಗುತ್ತಿತ್ತು. ಬೆಳ್ಳಿ ಕಪ್ಪಾಗುತ್ತದೆಂದು ಡಾಕ್ಟರೇ ಹೇಳಿದ್ದರಲ್ಲ. ಹಾಗಾದರೆ ಬೆರಳನ್ನು ಕಪ್ಪು ಮಾಡಿದ್ದು ಬೆಳ್ಳಿಯೇ. ಸುರಪುರದ ತವರಿಗೆ ಫೋನ್ ಮಾಡಿದಳು. ಅಣ್ಣ ಸಾಬಣ್ಣ ಬೇವಿನ ತೊಗಟೆ, ಅರಿಶಿಣ ಎಂದ. ಅವಳು ಬೇವಿನ ನೀರು ಕಾಯಿಸಿ, ಹೊಲಿಗೆಯ ಮೇಲೆ ಅರಿಶಿಣ ಮೆತ್ತಿ, ಹಳೆಯ ಸೀರೆಯ ಅರಿವೆ ಸುತ್ತಿದಳು. ಮಾಸ್ತರು ಹೆಂಡತಿಗೆ ಕಾಲು ಕೊಟ್ಟರು.

"ಅತ್ತೀ, ಹೊಲಿಗಿ ಮ್ಯಾಲ ಅದನ್ನ ಹಚ್ಚಬಾರದ್ರಿ," ಎಂದಳು ಪರಿಮಳಾ ಪರದೆಯ ಈಚೆಯಿಂದ.

"ನಿಮ್ಮ ದವಾಖಾನಿ ಔಷಧಾ ಹಚ್ಚಿದ್ದಕ್ಕ ಎರಡ ಹ್ವಾದುವು. ಉಳದಿದ್ದು ಮೂರು. ನಂಗ ಬಿಡು."

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪರಿಮಳಾ ಪಾತ್ರೆ ತೊಳೆಯಲು ಹೋದಳು.

*

ಜೂನ್ ಮೂರಕ್ಕೆ ಮಾನಮ್ಮ ಉಳಿದಿದ್ದ ಒಂದು ಬೆಳ್ಳಿ ಪಟ್ಟಿಯನ್ನು ಹಿಡಿದು ಯೂನುಸನ ಅಂಗಡಿಗೆ ಹೋದಳು. ಗಿರಾಕಿಗಳು ಐದಾರು ಮಂದಿ ನಿಂತಿದ್ದರು.

"ತಗೋ. ಇನ್ನೊಬ್ಬರ ಕಾಲು ಸುಡು ಇದರಲೆ."

"ಏನಾತ್ರಿ ಅಮ್ಮಾ?"

"ನಿನಗ ಮಗ್ಗಿ ಕಲಿಸಿದ ಮಾಸ್ತರಂದು ಎರಡ ಬೆರಳು ಹ್ವಾದುವು. ಕರ್ರಗ ಇದ್ಲಿ ಆಗಿದ್ದುವು. ಹಳೇ ಮಾಲು ಮಾರ್ತಿಯೇನು?"

ಯೂನುಸ ಪೊಟ್ಟಣ ತಿರುಗಿಸಿ ತಾರೀಖು ತೋರಿಸಿದ. "ಇನ್ನ ಎರಡ ವರ್ಷ ಬಾಕಿ ಅದರಿ. ಬಿಲ್ಲು ಅದ. ಇದೇ ಮಾಲು ಮತ್ತ ನಾಲ್ಕ ಮಂದಿ ಒಯ್ದಾರ, ಯಾರೂ ಏನೂ ಅಂದಿಲ್ಲ."

"ಅವರಿಗೂ ಕಾಲ ಹ್ವಾದ ಮ್ಯಾಲ ಅಂತಾರ," ಎಂದು ಪೊಟ್ಟಣ ಗಾಜಿನ ಮೇಲೆ ಎಸೆದು ಬಂದಳು.

ಮಾತು ಊರಲ್ಲಿ ತಿರುಗಿತು. ನರ್ಸಮ್ಮನ ಮಾವನದೇ ಬೆರಳು ಹೋಗಿದೆ ಎಂದ ಮೇಲೆ ಸಾಕ್ಷಿ ಬೇರೆ ಬೇಕಿರಲಿಲ್ಲ. ಮೂವರು ಪಟ್ಟಿ ವಾಪಸು ತಂದರು. ಯೂನುಸ ದವಾಖಾನೆಗೆ ಬಂದು ಡ್ರೆಸ್ಸಿಂಗ್ ಕೋಣೆಯ ಬಾಗಿಲಲ್ಲಿ ನಿಂತ.

"ಸಿಸ್ಟರ್, ಖರೇ ಹೇಳ್ರಿ. ಮಾಲದಾಗ ಖರಾಬಿ ಇತ್ತೇನು? ಇದ್ರ ಹೇಳ್ರಿ, ಕಂಪನಿಗಿ ಬರೀತೀನಿ, ಮಾಲು ವಾಪಸ್ ಹಾಕ್ತೀನಿ. ಮಾಸ್ತರ ಕಾಲಿನ ವಿಷಯ, ನಾ ಸುಳ್ಳು ಹೇಳಾಂಗಿಲ್ಲ."

ಪರಿಮಳಾ ಕೈಗವಸು ತೆಗೆಯುತ್ತ ಹೇಳಿದಳು: "ನೋಡ್ಬೇಕ್ರಿ ಯೂನುಸಣ್ಣ."

"ಇಲ್ಲಂದ್ರ ನಾಲ್ಕ ಮಂದಿ ಮುಂದ ಇಲ್ಲಂತ ಹೇಳ್ರಿ. ನಿಮ್ಮ ಮಾತು ನಡೀತದ."

"ಹೇಳ್ತೀನಿ. ಇವತ್ತ ಗದ್ದಲ ಅದ."

ಯೂನುಸ ಒಂದು ಕ್ಷಣ ಅವಳನ್ನೇ ನೋಡಿದ. "ಆಯ್ತ್ರಿ," ಎಂದು ಹೋದ. ಅಂದು ಗದ್ದಲವೇನೂ ಇರಲಿಲ್ಲ. ಬೆಂಚಿನ ಮೇಲೆ ಇಬ್ಬರೇ ಕುಳಿತಿದ್ದರು.

ಜೂನ್ ಹತ್ತರಂದು ಸುಗರಾಬಿ ಬಂದಳು. ಬಳೆ ಮಾರುವ ಹೆಂಗಸು, ಐವತ್ತೆಂಟು ವರ್ಷ. ಹಿಮ್ಮಡಿಯ ಗಾಯಕ್ಕೆ ಎರಡು ತಿಂಗಳಿಂದ ಪರಿಮಳಾಳೇ ಪಟ್ಟಿ, ಈಚೆಗೆ ಅದೇ ಬೆಳ್ಳಿಯದು, ಕಟ್ಟುತ್ತಿದ್ದಳು; ಗಾಯ ಮುಕ್ಕಾಲು ಮಾಯ್ದಿತ್ತು. ವಾರದಿಂದ ಮುಖ ತೋರಿಸಿರಲಿಲ್ಲ. ಈಗ ಮಗಳು ನಜೀಮಾ ಆಟೋದಿಂದ ಇಳಿಸಿ, ಹೆಗಲು ಕೊಟ್ಟು ಕರೆತಂದಳು. ಪಾದ ಕಣಕಾಲಿನವರೆಗೆ ಬಾತಿತ್ತು. ಮೈ ಸುಡುತ್ತಿತ್ತು.

"ಏನ ಹಚ್ಚೀರಿ ಖಾಲಾ ಇದಕ್ಕ?"

"ಅರಿಶಿಣ, ಕೊಬ್ರಿ ಎಣ್ಣಿ."

"ಪಟ್ಟಿ ಎಲ್ಲಿ?"

"ಬಿಸಾಕಿದೆ ಬೇಟಿ," ಎಂದಳು ಸುಗರಾಬಿ. "ಅದು ಸುಡ್ತದಂತಲ್ಲ. ನಿನ್ನ ಮಾವಂದೇ ಸುಟ್ಟಾದಂತ. ನೀ ಮನಸಿಗಿ ಹಚ್ಕೋಬ್ಯಾಡ, ನಿಂಗೇನ ಗೊತ್ತಿತ್ತು, ನೀನೂ ಪಾಪ ಕಂಪನಿಯವರು ಕೊಟ್ಟಿದ್ದು ಕಟ್ತಿ."

ಪರಿಮಳಾ ಅರಿಶಿಣದ ಹೆಪ್ಪು ಬಿಡಿಸಿದಳು. ಅಡಿಯಲ್ಲಿ ಕೀವು ತುಂಬಿತ್ತು. ಡಾಕ್ಟರನ್ನು ಕರೆಸಿದಳು. ಅವರು ನೋಡಿ, ಇವತ್ತೇ ಒಳರೋಗಿಯಾಗಿ ಸೇರಿಸಿ, ಕಾಲಿನದು ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ಚೀಟಿ ಬರೆದು ಹೋದರು. ನಜೀಮಾ ಅಳತೊಡಗಿದಳು.

ಬೆಂಚಿನ ಮೇಲೆ ಅಂದು ಎಂಟು ಜನರಿದ್ದರು. ಪರಿಮಳಾ ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ಖಾಲಾ, ಆ ಪಟ್ಟಿ ಸುಡೂದಿಲ್ಲ. ನಮ್ಮ ಮಾವಾರ ಬೆರಳಿಗಿ ರಕ್ತ ನಿಂತಿತ್ತು, ಅದಕ್ಕ ಕಪ್ಪಾತು. ನಮ್ಮ ಮನಿಯವರು ನೋಡಿ ಹೇಳಿದ್ರು ಕಪ್ಪಾಗೇದಂತ. ನಾ ಎದ್ದು ಹೋಗಿ ನೋಡಲಿಲ್ಲ. ರೊಟ್ಟಿ ಬಡಕೋತ ಕೂತು, ಅದು ಬೆಳ್ಳೀದು, ಕಟ್ರಿ ಅಂದೆ. ಡಾಕ್ಟರಿಗಿ ತೋರಸದ ಹೆಚ್ಚಿಗಿ ಪಟ್ಟಿ ಹಾಕಸಿದಾಕಿನೂ ನಾನೇ. ತಪ್ಪು ಪಟ್ಟೀದಲ್ಲ, ನಂದು."

ಸುಗರಾಬಿ ಅವಳ ಮುಖ ನೋಡಿದಳು. ಬೆಂಚಿನ ಮೇಲಿದ್ದವರೂ ನೋಡಿದರು. ಯಾರೋ ಕೆಮ್ಮಿದರು.

"ವಾರದ ಹಿಂದೇ ಯಾಕ ಹೇಳ್ಲಿಲ್ರಿ?" ಎಂದಳು ನಜೀಮಾ.

ಪರಿಮಳಾ ಸುಗರಾಬಿಯನ್ನು ವಾರ್ಡಿನವರೆಗೆ ತಾನೇ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದಳು.

ಮನೆಗೆ ಹೋಗುವ ದಾರಿಯಲ್ಲಿ ಯೂನುಸನ ಅಂಗಡಿಯಲ್ಲಿ ನಿಂತು ಅದೇ ಮಾತುಗಳನ್ನು ಹೇಳಿದಳು. ಗಿರಾಕಿಗಳಿದ್ದರು, ಇರಲಿ ಎಂದಳು. ಯೂನುಸ ಪೂರ್ತಿ ಕೇಳಿದ.

"ನಾ ಬಂದ ದಿನ ನಿಮಗ ಗೊತ್ತಿತ್ತಲ್ರಿ ಇದು?"

"ಗೊತ್ತಿತ್ತು."

ಅವನು ಪಕ್ಕದಲ್ಲಿ ನಿಂತಿದ್ದವನಿಗೆ ಗುಳಿಗೆ ಕತ್ತರಿಸಿ ಕೊಟ್ಟ.

*

ಊರಿನ ಮಾತು ಮನೆ ಮುಟ್ಟುವ ಮೊದಲು ತಾನು ಮುಟ್ಟಬೇಕಿತ್ತು. ಪರಿಮಳಾ ಬಂದಾಗ ಮಾನಮ್ಮ ಗುರೆಳ್ಳು ಹಿಂಡಿ ಕುಟ್ಟುತ್ತಿದ್ದಳು. ಬುದ್ಧಪ್ರಿಯ ಆಗಲೇ ತಾಟಿನ ಮುಂದೆ ಕುಳಿತಿದ್ದ. ಮಾಸ್ತರು ಮಂಚದ ಮೇಲಿದ್ದರು.

"ಬಾ, ಇವತ್ತರ ಕೂತು ಉಣ್ಣು," ಎಂದಳು ಮಾನಮ್ಮ. "ನಿಂತ ಉಂಡು ಉಂಡು ಕೋಲಾಗಿದಿ. ಬುದ್ಧ್ಯಾ, ಹಿಂಡಿ ಹಾಕ್ಲೇನು? ಕರ್ರಗದ ನೋಡು, ಕಾಣ್ತದಿಲ್ಲೋ?"

"ಅತ್ತೀ, ಅವರಿಗಿ ಅನಬ್ಯಾಡ್ರಿ."

"ಯಾಕ? ನನ್ನ ಮಗ, ನಾ ಅಂತೀನಿ."

"ಅವರು ನೋಡಿದ್ರು. ಕರ್ರಗಾಗೇದಂತ ಎರಡ ಸಲ ಹೇಳಿದ್ರು. ಬೆಳ್ಳೀದು, ಕಟ್ರಿ ಅಂದಾಕಿ ನಾ."

ಮಾನಮ್ಮ ಒನಕೆ ಬಿಡಲಿಲ್ಲ, ಕುಟ್ಟಲೂ ಇಲ್ಲ. "ಏನಂದಿ?"

ಪರಿಮಳಾ ಇನ್ನೊಮ್ಮೆ ಹೇಳಿದಳು. ಸುಗರಾಬಿಯ ಕಾಲಿನದೂ ಹೇಳಿದಳು.

"ಇದು ಖರೇ ಏನೋ ಬುದ್ಧ್ಯಾ?"

"ಬಿಡವ್ವ, ಆಗಿದ್ದು ಆತು."

"ಏನ ಬಿಡೂದು?" ಮಾನಮ್ಮನ ದನಿ ಏರಿತು. "ಹದಿನೈದ ದಿನ ತುತ್ತ ತುತ್ತಿಗೂ ಬೈದೀನಿ. ಉಣ್ಣೂ ಮಗಗ ಬೈದೀನಿ. ನನ್ನ ಬಾಯಿಲೆ ಬೈಸಿದ್ಲಲ್ಲೋ ಈಕಿ, ಒಲಿ ಮುಂದ ನಿಂತು ಕೇಳ್ಕೋತ! ನೀನೂ ಬೈಸಿಕೊಂಡಿ. ಅಂಗಡಿ ಮುಂದ ಹೋಗಿ ಆ ಹುಡುಗನ ಮಾನ ತಗದ್ನಲ್ಲ, ಈಗ ಅವನ ಮುಂದ ಹ್ಯಾಂಗ ಹಾಯ್ಲಿ?"

"ನಾ ಹೋಗಿ ಹೇಳೀನಿ ಅತ್ತೀ."

"ನೀ ಹೇಳಿದ್ರ ನನ್ನ ಬಾಯಿ ತೊಳದ್ಹಾಂಗ ಆಗ್ತದೇನು?"

"ನಾನೂ ಕೇಳಿದ್ದೆ," ಎಂದರು ಮಾಸ್ತರು.

ಮಾನಮ್ಮ ಅವರ ಕಡೆ ತಿರುಗಿದಳು. "ಏನ?"

"ಆಕಿ ಅಂದಿದ್ದು. ಕಾಲು ನಂದೇ, ಕಿವಿನೂ ನಂದೇ. ನಕ್ಕಿದ್ದೂ ನಾನು."

"ಅಂದ್ರ ಮನ್ಯಾಗ ಗೊತ್ತಿಲ್ಲದಾಕಿ ನಾನೊಬ್ಬಾಕಿ." ಅವಳು ಒನಕೆ ಗೋಡೆಗೆ ಆನಿಸಿಟ್ಟಳು. "ಯಾಕ ಹೇಳ್ಲಿಲ್ಲ ನೀವರ?"

"ಹೇಳಿದ್ರ ಮುಂದಿಂದೂ ಹೇಳಬೇಕಾಗ್ತಿತ್ತು. ಆಕಿ ಯಾಕ ಒಳಗ ಬರಲಿಲ್ಲ, ಯಾಕ ನೋಡಲಿಲ್ಲ ಅಂತ." ಮಾಸ್ತರು ಹಸಿರು ಪರದೆಯ ಕಡೆ ಕೈ ತೋರಿಸಿದರು. "ಅದನ್ನ ಎಳದಾಂವ ಯಾರು?"

ಮಾನಮ್ಮ ಮಗನ ತಾಟಿಗೆ ಹಿಂಡಿ ಹಾಕಿದಳು, ಎಣ್ಣೆ ಹಾಕಿದಳು, ರೊಟ್ಟಿ ಮುರಿದು ಹಾಕಿದಳು.

"ಉಣ್ಣೋ," ಎಂದಳು. "ಉಣ್ಣಪ್ಪ."

ಪರಿಮಳಾ ನೆಲದ ಮೇಲೆ ಕುಳಿತಳು. ಅವಳ ತಾಟಿಗೆ ಮಾನಮ್ಮ ರೊಟ್ಟಿ ಹಾಕಲಿಲ್ಲ. ಡಬ್ಬಿಯನ್ನು ಅವಳ ಕಡೆ ಸರಿಸಿದಳು, ಅಷ್ಟೇ.

ಊಟವಾದ ಮೇಲೆ ಪರಿಮಳಾ ಮಾವನ ಮಂಚದ ಬಳಿ ನಿಂತಳು. "ಮಾವಾರ, ಆ ಅರಿಶಿಣ ತಗದು ಹೊಲಿಗಿ ನೋಡಬೇಕ್ರಿ. ಇವತ್ತೇ."

"ಮನ್ಯಾಗ ಬ್ಯಾಡ," ಎಂದರು ಮಾಸ್ತರು, ಗೋಡೆಯ ಕಡೆ ಹೊರಳುತ್ತ.

"ಕೇಳ್ರಿ ಇಲ್ಲಿ," ಎಂದಳು ಮಾನಮ್ಮ. "ಈಗೂ ಬ್ಯಾಡಂತಾರ!"

"ಮನ್ಯಾಗ ಬ್ಯಾಡ ಅಂದೆ," ಎಂದು ಅವರು ಇನ್ನೊಮ್ಮೆ ಹೇಳಿದರು.

*

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ದವಾಖಾನೆಯ ಮುಂದೆ ಒಂದು ಆಟೋ ನಿಂತಿತು. ಬುದ್ಧಪ್ರಿಯ ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದ. ಮಾಸ್ತರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಎಡಗಾಲಿಗೆ ಬೂಟು, ಬಲಗಾಲಿಗೆ ಅರಿವೆ. ಮಾನಮ್ಮ ಹಿಂದಿನಿಂದ ಇಳಿದಳು. ಅವಳು ಒಳಗೆ ಬರಲಿಲ್ಲ. ಎದುರು ಸಾಲಿನ ಯೂನುಸನ ಅಂಗಡಿಯ ಕಡೆ, ಸೆರಗು ತಲೆಯ ಮೇಲೆ ಎಳೆದುಕೊಂಡು, ನಿಧಾನ ನಡೆದಳು.

ಮಾಸ್ತರು ಮಗನ ಕೈ ಬಿಡಿಸಿಕೊಂಡು, ಕೋಲೂರಿ, ಕಿಟಕಿಯಲ್ಲಿ ಚೀಟಿ ಮಾಡಿಸಿಕೊಂಡರು. ಡ್ರೆಸ್ಸಿಂಗ್ ಕೋಣೆಯ ಹೊರಗೆ ಸಾಲಿನಲ್ಲಿ ಕುಳಿತರು. ಮುಂದೆ ಏಳು ಜನ. ಯಾರೋ ಗುರುತು ಹಿಡಿದು, "ಮಾಸ್ತರ್, ನಿಮ್ಮ ಸೊಸಿನೇ ಒಳಗ ಅದಾರಲ್ಲ, ಹೋಗ್ರಿ," ಎಂದರು. "ಪಾಳಿ ಬರ್ಲಿ," ಎಂದರು ಮಾಸ್ತರು.

ಒಳಗಿನಿಂದ ಪರಿಮಳಾ ನೋಡಿದ್ದಳು. ಒಂದೊಂದೇ ಹೆಸರು ಕರೆದಳು. ಏಳನೆಯವನು ಹೊರಬಿದ್ದ ಮೇಲೆ ರಿಜಿಸ್ಟರಿನಲ್ಲಿ ಮುಂದಿನ ಹೆಸರಿನ ಮೇಲೆ ಬೆರಳಿಟ್ಟು ನಿಂತಳು. ಮದುವೆಯಾಗಿ ಬಂದಾಗಿನಿಂದ ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಬಾಗಿಲಿಗೆ ಬಂದು, "ಬರ್ರಿ," ಎಂದು ಕೈ ಮಾಡಿದಳು.

ಮಾಸ್ತರು ಏಳಲಿಲ್ಲ. "ಎಲ್ಲರಿಗೂ ಹೆಸರ ಹಿಡದು ಕರದಿ. ನಂದೂ ಕರಿ."

ಬೆಂಚಿನ ಮೇಲಿದ್ದವರು ನಕ್ಕರು.

"ತಾಯಪ್ಪ," ಎಂದಳು ಪರಿಮಳಾ. ದನಿ ಸಣ್ಣದಿತ್ತು.

"ಹಾಜರ್," ಎಂದು ಮಾಸ್ತರು ಕೋಲೂರಿ ಎದ್ದರು.

ಒಳಗೆ ಅವರು ಕುರ್ಚಿಯ ಮೇಲೆ ಕುಳಿತು, ಎದುರಿಗಿದ್ದ ಸ್ಟೂಲನ್ನು ನೋಡಿದರು. ಆಮೇಲೆ ಕಿಟಕಿಯ ಹೊರಗೆ ನೋಡಿದರು. ಎರಡೂ ಕೈಗಳಿಂದ ಮೊಣಕಾಲು ಹಿಡಿದು ಬಲಗಾಲನ್ನು ಎತ್ತಿ ಸ್ಟೂಲಿನ ಮೇಲೆ ಇಟ್ಟರು. ಕಿವಿಯ ತುದಿ ಕೆಂಪಾಗಿತ್ತು.

ಪರಿಮಳಾ ಕೆಳಗೆ ಕುಳಿತು, ಹಿಮ್ಮಡಿಯನ್ನು ಎಡಗೈಯಲ್ಲಿ ಹಿಡಿದು, ಸೀರೆಯ ಅರಿವೆಯನ್ನು ನೆನೆಸಿ ಬಿಡಿಸಿದಳು. ಅರಿಶಿಣ ಒಣಗಿ ಹೊಲಿಗೆಗೆ ಅಂಟಿತ್ತು. ಸಲೈನ್ ಸುರಿದಳು, ಕಾದಳು, ಮತ್ತೆ ಸುರಿದಳು. ಹೆಪ್ಪು ಬಿಟ್ಟಿತು. ಹೊಲಿಗೆಯ ಅಂಚಿನಲ್ಲಿ, ಹೆಬ್ಬೆರಳಿನ ಕಡೆ, ಕಪ್ಪು ಕಂಡಿತು.

ಅವಳು ಕೈ ನಿಲ್ಲಿಸಿದ್ದು ಮಾಸ್ತರಿಗೆ ಕಾಲಿನಿಂದ ತಿಳಿಯುವಂತಿರಲಿಲ್ಲ. ಅವಳ ಭುಜ ನೋಡಿ ತಿಳಿದರು.

"ಏನು?"

"ಒಂದೀಟು ಕಪ್ಪದ್ರಿ."

"ಒರಸಿದ್ರ ಹೋಗ್ತದೇನು?"

ವಾಸನೆ ಬಂದ ಸಂಜೆ ತಾನು ಎರಡು ಸಲ ಒರೆಸಿದ್ದನ್ನು ಅವರು ನೋಡಿದ್ದರೆಂದು ಪರಿಮಳಾಳಿಗೆ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದ ಬುದ್ಧಪ್ರಿಯ ತಲೆ ತಗ್ಗಿಸಿದ. ಅವಳು ಹೊಸ ಹತ್ತಿ ಅದ್ದಿ ಒರೆಸಿದಳು. ದೀಪವನ್ನು ಹತ್ತಿರ ಎಳೆದುಕೊಂಡು, ಇನ್ನೊಂದು ಹತ್ತಿಯಿಂದ ಒರೆಸಿದಳು. ಕೈಗವಸು ತೆಗೆದು, ಬೆರಳ ಹಿಂಬದಿಯನ್ನು ಸುತ್ತಲಿನ ಚರ್ಮಕ್ಕೆ ಇಟ್ಟು ಬೆಚ್ಚಗಿದೆಯೇ ನೋಡಿದಳು. ಹೊರಗೆ ಸಾಲು ಬೆಳೆದಿತ್ತು. ಯಾರೋ "ಸಿಸ್ಟರ್, ಎಷ್ಟೊತ್ರಿ?" ಎಂದರು. ಅವಳು ತಲೆ ಎತ್ತಲಿಲ್ಲ.

"ಭಾಳಷ್ಟು ಹ್ವಾತ್ರಿ," ಎಂದಳು ಕೊನೆಗೆ. "ಅರಿಶಿಣದ ಹೆಪ್ಪದು. ಆದರ ಇಲ್ಲೊಂದ ಕಡಿ ಜ್ವಾಳದ ಕಾಳಿನಷ್ಟು ಉಳದಾದ. ಅದು ಹೋಗವಲ್ದು."

"ಅಂದ್ರ?"

"ನಂಗ ಗೊತ್ತಿಲ್ರಿ ಮಾವಾರ. ಡಾಕ್ಟರಿಗಿ ತೋರಸ್ತೀನಿ."

"ಹಂಗಾರ ಕಟ್ಟಿ ಕಳಸು, ನಾಳಿಗಿ ಬರ್ತೀನಿ. ಹೊರಗ ಮಂದಿ ಕುಂತದ."

"ಕಟ್ಟಾಂಗಿಲ್ಲ," ಎಂದಳು ಪರಿಮಳಾ. ಗಾಯದ ಮೇಲೆ ಬರೀ ಒದ್ದೆ ಗಾಜ್ ಬಟ್ಟೆ ಇಟ್ಟಳು. "ನೀವು ಕಾಲ ಕೆಳಗ ಇಡಬ್ಯಾಡ್ರಿ. ನಾ ಹೋಗಿ ಅವರನ್ನ ಕರಕೊಂಡೇ ಬರ್ತೀನಿ."

ಅವಳು ಹೊರಟಳು. ಮಾಸ್ತರು ಕಾಲು ಸ್ಟೂಲಿನ ಮೇಲೆಯೇ ಇಟ್ಟುಕೊಂಡು, ತೆರೆದ ಬಾಗಿಲಿಗೆ, ಬೆಂಚಿನ ಮೇಲಿದ್ದ ಎಲ್ಲರ ಎದುರಿಗೆ, ಹಾಗೆಯೇ ಕುಳಿತಿದ್ದರು.